ಕಡಲ ತಳದ ಕೆಸರು ಹುಡುಕಿಕೊಂಡು ಹೋದ ಹಡಗು

ನಾಲ್ಕು ಕಿಲೋಮೀಟರ್ ಆಳದ ಸಮುದ್ರಕ್ಕೆ ಹಗ್ಗ ಇಳಿಬಿಟ್ಟರೆ, ಅದರ ತುದಿ ತಳ ಮುಟ್ಟಿತು ಅಂತ ಮೇಲಿರುವವರಿಗೆ ಗೊತ್ತಾಗುವುದು ಹೇಗೆ? ಆಳ ಕಡಿಮೆ ಇದ್ದರೆ ತೊಂದರೆಯಿಲ್ಲ. ತುದಿಗೆ ಕಟ್ಟಿದ ಭಾರ ಕೂತ ತಕ್ಷಣ ಹಗ್ಗ ಸಡಿಲವಾಗುತ್ತದೆ, ಕೈಗೆ ತಿಳಿಯುತ್ತದೆ. ಆದರೆ ಕಿಲೋಮೀಟರುಗಟ್ಟಲೆ ಹಗ್ಗಕ್ಕೆ ತನ್ನದೇ ತೂಕ ಇರುತ್ತದೆ. ಭಾರ ಕೆಳಗೆ ಕೂತ ಮೇಲೂ ಹಗ್ಗ ಸುಮ್ನೆ ಇಳಿಯುತ್ತಲೇ ಹೋಗುತ್ತದೆ. ನಡುವೆ ನೀರಿನ ಸೆಳೆತ ಸಿಕ್ಕರೆ ಇನ್ನೂ ಇಳಿಯುತ್ತದೆ. 19ನೇ ಶತಮಾನದ ಮಧ್ಯದಲ್ಲಿ ಕೆಲವು ಹಡಗಿನವರು ಹೀಗೇ ಮೋಸಹೋಗಿ, ಇಲ್ಲದ ಆಳಗಳನ್ನು ನಕ್ಷೆಗೆ ಸೇರಿಸಿಬಿಟ್ಟಿದ್ದರು.

ಇದಕ್ಕೆ ಸಿಕ್ಕ ಪರಿಹಾರ ಗಡಿಯಾರ. ಹಗ್ಗಕ್ಕೆ ಅಳತೆಯ ಗುರುತು ಕಟ್ಟಿ, ಪ್ರತಿ 100 ಫ್ಯಾದಮ್ ಇಳಿಯಲು ಎಷ್ಟು ಹೊತ್ತಾಯಿತು ಅಂತ ಬರೆಯುತ್ತಾ ಹೋಗಬೇಕು. (ಫ್ಯಾದಮ್ ಅಂದರೆ ಆರು ಅಡಿ. ಹೂವು ಮಾರುವವರು ಎರಡೂ ಕೈ ಚಾಚಿ ಅಳೆದುಕೊಡುವ ಮಾರು ಇದೆಯಲ್ಲ, ಹೆಚ್ಚುಕಡಿಮೆ ಅಷ್ಟು.) ಹಗ್ಗ ಉದ್ದವಾದಷ್ಟೂ ನೀರಿನ ತಡೆ ಜಾಸ್ತಿ. ಹಾಗಾಗಿ ಇಳಿಯುವ ವೇಗ ಒಂದೇ ಕ್ರಮದಲ್ಲಿ ನಿಧಾನವಾಗುತ್ತದೆ. ಎಲ್ಲೋ ಒಂದು ಕಡೆ ಈ ಕ್ರಮ ತಪ್ಪಿ ಹೊತ್ತು ಇದ್ದಕ್ಕಿದ್ದಂತೆ ಹಿಗ್ಗಿದರೆ, ಭಾರ ತಳ ಮುಟ್ಟಿದೆ ಅಂತ ಲೆಕ್ಕ.

ಈ ಕೆಲಸವನ್ನು ಮೂರೂವರೆ ವರ್ಷ ಬೇಸರವಿಲ್ಲದೆ, ಅಥವಾ ಬೇಸರವಾದರೂ ಬಿಡದೆ, ಮಾಡಿದ ಹಡಗಿನ ಹೆಸರು ಚಾಲೆಂಜರ್. ಬ್ರಿಟಿಷ್ ನೌಕಾಪಡೆಯ ಈ ಹಡಗು 1872ರ ಡಿಸೆಂಬರ್ 21ರಂದು ಪೋರ್ಟ್ಸ್‌ಮತ್‌ನಿಂದ ಹೊರಟು 1876ರ ಮೇ 24ರಂದು ಇಂಗ್ಲೆಂಡಿಗೆ ವಾಪಸಾಯಿತು. ಅಷ್ಟರಲ್ಲಿ 68,890 ನಾಟಿಕಲ್ ಮೈಲಿ, ಅಂದರೆ ಸುಮಾರು 1,27,500 ಕಿಲೋಮೀಟರ್ ಸುತ್ತಿತ್ತು. ಹೊಸ ದೇಶ ಕಂಡುಹಿಡಿಯಲಿಲ್ಲ, ಯುದ್ಧ ಮಾಡಲಿಲ್ಲ, ಚಿನ್ನ ತರಲಿಲ್ಲ. ಅದು ತಂದದ್ದರಲ್ಲಿ ಬಹುಪಾಲು ಕೆಸರು, ನೀರು, ಮತ್ತೆ ಮದ್ಯಸಾರದಲ್ಲಿ ಮುಳುಗಿಸಿಟ್ಟ ಪ್ರಾಣಿಗಳು. ಇವತ್ತಿನ ಸಮುದ್ರ ವಿಜ್ಞಾನದ ಬುನಾದಿ ಬಿದ್ದದ್ದು ಇದರ ಮೇಲೆಯೇ.

ಕೆಳಗೆ ಜೀವವೇ ಇಲ್ಲ ಅಂದುಕೊಂಡಿದ್ದರು

ಎಡ್ವರ್ಡ್ ಫೋರ್ಬ್ಸ್ ಅಂತ ಒಬ್ಬ ಒಳ್ಳೆಯ ಪ್ರಾಣಿಶಾಸ್ತ್ರಜ್ಞ ಇದ್ದ. 1841-42ರಲ್ಲಿ ಗ್ರೀಸ್, ಟರ್ಕಿ ನಡುವಿನ ಏಜಿಯನ್ ಸಮುದ್ರದಲ್ಲಿ ಬಲೆ ಎಳೆದು ನೋಡಿದಾಗ, ಆಳಕ್ಕೆ ಹೋದಂತೆ ಜೀವಿಗಳು ಕಡಿಮೆಯಾಗುವುದು ಅವನಿಗೆ ಕಾಣಿಸಿತು. ಅದೇ ಲೆಕ್ಕ ಮುಂದುವರಿಸಿ, 300 ಫ್ಯಾದಮ್‌ಗಿಂತ ಕೆಳಗೆ, ಅಂದರೆ ಸುಮಾರು 550 ಮೀಟರ್‌ಗಿಂತ ಆಳದಲ್ಲಿ, ಜೀವ ಇರಲಾರದು ಅಂದ. ಕತ್ತಲು, ಚಳಿ, ಭಯಂಕರ ಒತ್ತಡ, ಅಲ್ಲಿ ಏನು ಬದುಕುತ್ತದೆ? ಕೇಳಿದವರಿಗೂ ಸರಿ ಅನ್ನಿಸಿತು. ಆದರೆ ಏಜಿಯನ್‌ನ ಆಳ ಮೊದಲೇ ಜೀವಿಗಳಿಗೆ ಬರಗಾಲದ ಜಾಗ. ಒಂದು ಊರಿನ ಬರ ನೋಡಿ ಇಡೀ ದೇಶಕ್ಕೆ ತೀರ್ಪು ಕೊಟ್ಟಹಾಗಾಯಿತು.

ವಿರುದ್ಧ ಸಾಕ್ಷಿ ಮೊದಲಿಂದಲೂ ಇತ್ತು. 1818ರಲ್ಲೇ ಬ್ರಿಟಿಷ್ ನಾವಿಕ ಜಾನ್ ರಾಸ್ ಕೆನಡಾ, ಗ್ರೀನ್‌ಲ್ಯಾಂಡ್ ನಡುವಿನ ಬ್ಯಾಫಿನ್ ಕೊಲ್ಲಿಯ ಆಳದಿಂದ ಹಗ್ಗಕ್ಕೆ ಸುತ್ತಿಕೊಂಡ ನಕ್ಷತ್ರಮೀನಿನ ಜಾತಿಯ ಒಂದು ಪ್ರಾಣಿಯನ್ನು ಎತ್ತಿದ್ದ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಸಾಕ್ಷಿಗೆ ಬೆಲೆ ಬಂದದ್ದು ಅದರಲ್ಲಿ ದುಡ್ಡಿನ ವ್ಯವಹಾರ ಸೇರಿದ ಮೇಲೆ. ಆ ಹೊತ್ತಿಗೆ ಸಮುದ್ರದಡಿ ಟೆಲಿಗ್ರಾಫ್ ಕೇಬಲ್ ಹಾಕುವ ಕಾಲ ಶುರುವಾಗಿತ್ತು. 1860ರಲ್ಲಿ ಮೆಡಿಟರೇನಿಯನ್‌ನಲ್ಲಿ ಕೆಟ್ಟುಹೋದ ಒಂದು ಕೇಬಲನ್ನು ರಿಪೇರಿಗೆ ಎತ್ತಿದರು. ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ ಮಲಗಿದ್ದ ಭಾಗಕ್ಕೆ ಹವಳ, ಚಿಪ್ಪು ಅಂಟಿಕೊಂಡು ಬೆಳೆದಿದ್ದವು. ಬಲೆಯಲ್ಲಿ ಬಂದದ್ದಾದರೆ ಮೇಲೆ ಬರುವಾಗ ದಾರಿಯಲ್ಲಿ ಸಿಕ್ಕಿರಬಹುದು ಅನ್ನಬಹುದಿತ್ತು. ಕೇಬಲ್‌ಗೆ ಅಂಟಿ ಬೆಳೆದದ್ದಕ್ಕೆ ಏನು ಹೇಳುವುದು?

ಆಮೇಲೆ ಚಾರ್ಲ್ಸ್ ವೈವಿಲ್ ಥಾಮ್ಸನ್ ಮತ್ತು ವಿಲಿಯಂ ಕಾರ್ಪೆಂಟರ್ ಅನ್ನುವ ಇಬ್ಬರು ಜೀವವಿಜ್ಞಾನಿಗಳು ನೌಕಾಪಡೆಯ ಬೆನ್ನುಬಿದ್ದು ಹಡಗು ಕೇಳಿದರು. 1868ರಲ್ಲಿ ಸಿಕ್ಕ 'ಲೈಟ್ನಿಂಗ್' ಓಬೀರಾಯನ ಕಾಲದ ಹಡಗು. 1869ರಲ್ಲಿ ಸಿಕ್ಕ 'ಪೋರ್ಕ್ಯುಪೈನ್' ವಾಸಿ. ಇದರಲ್ಲಿ ಬಿಸ್ಕೆ ಕೊಲ್ಲಿಯ 2,435 ಫ್ಯಾದಮ್, ಅಂದರೆ ಸುಮಾರು 4,450 ಮೀಟರ್ ಆಳದಿಂದ ಜೀವಂತ ಪ್ರಾಣಿಗಳು ಬಂದವು. ಫೋರ್ಬ್ಸ್‌ನ ಮಾತು ಅಲ್ಲಿಗೇ ಮುಗಿಯಿತು. ಅದನ್ನು ಮುರಿದದ್ದು ಚಾಲೆಂಜರ್ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ನಿಜ ಹೇಳಬೇಕೆಂದರೆ ಚಾಲೆಂಜರ್ ಹೊರಡುವ ಮೊದಲೇ ಆ ವಾದ ಮುರಿದುಬಿದ್ದಿತ್ತು. ಜೀವ ಇದೆಯೋ ಇಲ್ಲವೋ ಅನ್ನುವುದು ಹಳೇ ಪ್ರಶ್ನೆಯಾಗಿ, ಎಲ್ಲಿ, ಎಷ್ಟು, ಯಾವ ರೀತಿಯದು ಅನ್ನುವುದು ಹೊಸ ಪ್ರಶ್ನೆಯಾಗಿತ್ತು.

ಇನ್ನೊಂದು ನಂಬಿಕೆಯೂ ಅಲುಗಾಡಿತ್ತು. ಆಳದ ನೀರೆಲ್ಲ ಒಂದೇ ಸಮನೆ 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಅಂತ ಬಹಳ ಜನ ನಂಬಿದ್ದರು. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ ಇರುತ್ತದೆ ನಿಜ, ಉಪ್ಪುನೀರು ಹಾಗಲ್ಲ. ಅದು ತಣ್ಣಗಾದಷ್ಟೂ ಭಾರವಾಗುತ್ತಾ ಹೋಗುತ್ತದೆ. ಲೈಟ್ನಿಂಗ್ ಹಡಗು ಸ್ಕಾಟ್ಲೆಂಡ್ ಮತ್ತು ಫ್ಯಾರೋ ದ್ವೀಪಗಳ ನಡುವೆ ಅಳೆದಾಗ, ಹತ್ತಿರ ಹತ್ತಿರದ ಎರಡು ಜಾಗಗಳಲ್ಲಿ, ಒಂದೇ ಆಳದಲ್ಲಿ, ಒಂದು ಕಡೆ ನೀರು ಹೆಪ್ಪುಗಟ್ಟುವಷ್ಟು ತಣ್ಣಗೆ, ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ಬೆಚ್ಚಗೆ ಇತ್ತು. ನಡುವೆ ಏನೋ ಗೋಡೆ ಇರಬೇಕು, ನೀರು ಎಲ್ಲಿಂದಲೋ ಎಲ್ಲಿಗೋ ಹರಿಯುತ್ತಿರಬೇಕು. ಆ ಹರಿವಿಗೆ ಕಾರಣ ಗಾಳಿಯೋ, ನೀರಿನ ಭಾರದ ವ್ಯತ್ಯಾಸವೋ ಅಂತ ಕಾರ್ಪೆಂಟರ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಕ್ರಾಲ್ ನಡುವೆ ದೊಡ್ಡ ಜಗಳವೇ ನಡೆಯಿತು. ಜಗಳ ಬಗೆಹರಿಯಬೇಕಾದರೆ ಇಡೀ ಜಗತ್ತಿನ ಸಮುದ್ರ ಅಳೆಯಬೇಕು. ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಸರ್ಕಾರಕ್ಕೆ ಮನವಿ ಕೊಟ್ಟಿತು. ಬೇರೆ ದೇಶಗಳು ಮುಂದೆ ಹೋಗಿಬಿಡುತ್ತವೆ ಅನ್ನುವ ಹೆದರಿಕೆಯೂ, ಕೇಬಲ್ ಹಾಕಲು ಕಡಲ ತಳದ ಮಾಹಿತಿ ಬೇಕು ಅನ್ನುವ ಲೆಕ್ಕಾಚಾರವೂ ಕೆಲಸ ಮಾಡಿದವು. ಕೇವಲ ಜ್ಞಾನದ ಹಸಿವಿಗೆ ಯಾವ ಸಾಮ್ರಾಜ್ಯವೂ ಯುದ್ಧನೌಕೆ ಬಿಟ್ಟುಕೊಡುವುದಿಲ್ಲ, ಅಲ್ವಾ?

ಫಿರಂಗಿ ಇಳಿಸಿ ಜಾಡಿ ಹತ್ತಿಸಿದರು

ಚಾಲೆಂಜರ್ 1858ರಲ್ಲಿ ನೀರಿಗಿಳಿದ, ಮೂರು ಪಟಕಂಬಗಳ ಮರದ ಹಡಗು. ತೂಕ 2,306 ಟನ್. ಪಟದ ಜೊತೆಗೆ ಉಗಿ ಎಂಜಿನ್ ಕೂಡ ಇತ್ತು. ಈ ಎಂಜಿನ್ ಬಹಳ ಮುಖ್ಯ. ದಾರಿಯುದ್ದಕ್ಕೂ ಗಾಳಿಯಲ್ಲೇ ಹೋಗಿ ಕಲ್ಲಿದ್ದಲು ಉಳಿಸುತ್ತಿದ್ದರು. ಆಳ ಅಳೆಯುವಾಗ ಮಾತ್ರ ಪಟ ಸುತ್ತಿಟ್ಟು ಎಂಜಿನ್ ಹಚ್ಚಿ, ಗಾಳಿಗೆ ಮುಖ ಕೊಟ್ಟು ಹಡಗನ್ನು ಒಂದೇ ಕಡೆ ನಿಲ್ಲಿಸುತ್ತಿದ್ದರು. ಹಡಗು ಕೊಚ್ಚಿಕೊಂಡು ಹೋದರೆ ಹಗ್ಗ ಓರೆಯಾಗುತ್ತದೆ, ಅಳತೆ ಸುಳ್ಳಾಗುತ್ತದೆ.

ಫಿರಂಗಿಗಳಲ್ಲಿ ಎರಡನ್ನು ಬಿಟ್ಟು ಉಳಿದವನ್ನೆಲ್ಲ ಇಳಿಸಿ ಆ ಜಾಗದಲ್ಲಿ ಪ್ರಯೋಗಶಾಲೆಗಳನ್ನು ಕಟ್ಟಿದರು. ವಿಜ್ಞಾನಿಗಳ ತಂಡದಲ್ಲಿದ್ದವರು ಆರೇ ಜನ. ಮುಖ್ಯಸ್ಥ ವೈವಿಲ್ ಥಾಮ್ಸನ್. ಜೊತೆಗೆ ಜಾನ್ ಮರ್ರೆ, ಹೆನ್ರಿ ಮೋಸ್ಲಿ, ಜರ್ಮನಿಯ ತರುಣ ರುಡಾಲ್ಫ್ ಫಾನ್ ವಿಲೆಮೋಸ್-ಸೂಮ್, ರಸಾಯನಶಾಸ್ತ್ರಕ್ಕೆ ಜಾನ್ ಬ್ಯುಕನನ್, ಚಿತ್ರ ಬರೆಯಲು ಮತ್ತು ಕಾಗದಪತ್ರ ನೋಡಲು ಜಾನ್ ಜೇಮ್ಸ್ ವೈಲ್ಡ್. ಕ್ಯಾಪ್ಟನ್ ಜಾರ್ಜ್ ನೇರ್ಸ್. ನಾವಿಕರು, ಅಧಿಕಾರಿಗಳು ಎಲ್ಲ ಸೇರಿ ಹಡಗಿನಲ್ಲಿ ಸುಮಾರು 240 ಜನ. ವಿಲೆಮೋಸ್-ಸೂಮ್ ತಿರುಗಿ ಬರಲಿಲ್ಲ. 1875ರ ಸೆಪ್ಟೆಂಬರ್‌ನಲ್ಲಿ ಟಹೀಟಿಗೆ ಹೋಗುವ ದಾರಿಯಲ್ಲಿ ಸೋಂಕು ತಗುಲಿ ತೀರಿಕೊಂಡ.

ದಾರಿ ಹೇಳುತ್ತಾ ಹೋದರೆ ಭೂಗೋಳದ ಪಾಠವಾಗುತ್ತದೆ, ಹಾಗಾಗಿ ಚುಟುಕಾಗಿ: ಅಟ್ಲಾಂಟಿಕ್ ಅನ್ನು ಅಡ್ಡಡ್ಡ ದಾಟಿ ಬ್ರೆಜಿಲ್, ಅಲ್ಲಿಂದ ಕೇಪ್‌ಟೌನ್, ಕೆರ್ಗುಲೆನ್, ಅಂಟಾರ್ಕ್ಟಿಕದ ಮಂಜು, ಮೆಲ್ಬರ್ನ್, ಫಿಜಿ, ಇಂಡೋನೇಷ್ಯಾದ ದ್ವೀಪಗಳು, ಹಾಂಗ್‌ಕಾಂಗ್, ಜಪಾನ್, ಹವಾಯಿ, ಟಹೀಟಿ, ಚಿಲಿ, ಮೆಗೆಲನ್ ಜಲಸಂಧಿ, ಮತ್ತೆ ಅಟ್ಲಾಂಟಿಕ್. 1874ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕ್ ವೃತ್ತ ದಾಟಿದ ಮೊದಲ ಉಗಿ ಹಡಗು ಇದೇ. ನಮ್ಮ ಅರಬ್ಬಿ ಸಮುದ್ರಕ್ಕಾಗಲಿ ಬಂಗಾಳ ಕೊಲ್ಲಿಗಾಗಲಿ ಅದು ಬರಲೇ ಇಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ಅಂಚಿನಲ್ಲೇ ಹಾದುಹೋಯಿತು. ಈ ಕೊರತೆ ತುಂಬಿದ ಕಥೆ ಕೊನೆಗೆ ಬರುತ್ತದೆ.

ಒಂದು 'ಸ್ಟೇಷನ್' ಅಂದರೆ ಏನು

ಅಳತೆಗಾಗಿ ನಡುಗಡಲಿನಲ್ಲಿ ಹಡಗು ನಿಲ್ಲಿಸಿದ ಜಾಗವೇ ಸ್ಟೇಷನ್. ಇಡೀ ಯಾನದಲ್ಲಿ ಇಂಥ 362 ನಿಲ್ದಾಣಗಳು. ಅಲ್ಲಿ ಮಾಡಬೇಕಾದ ಕೆಲಸದ ಪಟ್ಟಿ ಹೆಚ್ಚುಕಡಿಮೆ ಒಂದೇ. ಆಳ ಅಳೆಯಬೇಕು. ತಳದ ಕೆಸರಿನ ಮಾದರಿ ತೆಗೆಯಬೇಕು. ತಳದ ನೀರು ಹಿಡಿಯಬೇಕು. ಬೇರೆ ಬೇರೆ ಆಳದಲ್ಲಿ ಉಷ್ಣತೆ ನೋಡಬೇಕು. ಮೇಲಿನ ಸೆಳೆತದ ದಿಕ್ಕು ನೋಡಬೇಕು. ಆಮೇಲೆ ಬಲೆ.

ಆಳ ಅಳೆಯುವ ಸಾಧನ ಒಂದು ಟೊಳ್ಳು ಕೊಳವೆ. ಅದಕ್ಕೆ ಪೋಣಿಸಿದ ಕಬ್ಬಿಣದ ಗುಂಡುಗಳು ಒಟ್ಟು ಒಂದೂವರೆ ಕ್ವಿಂಟಾಲ್‌ಗೂ ಹೆಚ್ಚು. ತಳ ಮುಟ್ಟಿದ ತಕ್ಷಣ ಕೊಂಡಿ ಕಳಚಿ ಗುಂಡುಗಳು ಅಲ್ಲೇ ಉಳಿಯುತ್ತವೆ, ಕೆಸರು ತುಂಬಿದ ಕೊಳವೆ ಮಾತ್ರ ಮೇಲೆ ಬರುತ್ತದೆ. ಗುಂಡಿನ ಸಮೇತ ಎಳೆಯಲು ಹೋದರೆ ಹಗ್ಗ ಕಿತ್ತುಹೋಗುತ್ತಿತ್ತು. ಹಗ್ಗ ಹಾಳಾಗದಿರಲು ಇನ್ನೊಂದು ಜಾಣತನ ಮಾಡಿದ್ದರು. ಹಗ್ಗ ಹಾದುಹೋಗುವ ರಾಟೆಯನ್ನು ರಬ್ಬರ್ ಪಟ್ಟಿಗಳ ಕಟ್ಟಿನಿಂದ ತೂಗುಹಾಕಿದ್ದರು. ಹಡಗು ಅಲೆಯ ಮೇಲೆ ಏರಿಳಿದಾಗ ಆಗುವ ಜಗ್ಗಾಟವನ್ನು ಆ ರಬ್ಬರ್ ನುಂಗಿಕೊಳ್ಳುತ್ತಿತ್ತು.

ಆ ಆಳದ ಒತ್ತಡ ಎಂಥದು ಅಂತ ಬ್ಯುಕನನ್ ಒಂದು ಪ್ರಯೋಗ ಮಾಡಿ ನೋಡಿದ. ಗಾಳಿ ತುಂಬಿದ, ಎರಡೂ ತುದಿ ಮುಚ್ಚಿದ ದಪ್ಪ ಗಾಜಿನ ಕೊಳವೆ ತೆಗೆದುಕೊಂಡ. ಅದನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ನೀರು ಒಳಹೋಗಲು ತೂತಿರುವ ತಾಮ್ರದ ಡಬ್ಬಿಯೊಳಗೆ ಇಟ್ಟು, 2,000 ಫ್ಯಾದಮ್ ಕೆಳಗೆ ಇಳಿಸಿದ. ಮೇಲೆ ಬಂದಾಗ ಬಟ್ಟೆಯೊಳಗೆ ಗಾಜು ಇರಲಿಲ್ಲ, ಹಿಮದಂಥ ಬಿಳಿ ಪುಡಿ ಇತ್ತು. ತಾಮ್ರದ ಡಬ್ಬಿ ಕೂಡ ಒಳಕ್ಕೆ ನಜ್ಜುಗುಜ್ಜಾಗಿತ್ತು. ಡಬ್ಬಿಗೆ ತೂತಿತ್ತಲ್ಲ, ಅದೇಕೆ ನಜ್ಜಾಯಿತು? ಗಾಜು ಒಡೆದ ಕ್ಷಣ ಒಳಗೆ ಖಾಲಿ ಜಾಗ ಹುಟ್ಟಿತು. ತೂತಿನಿಂದ ನೀರು ನುಗ್ಗಿ ಅದನ್ನು ತುಂಬುವುದಕ್ಕೂ ಪುರುಸೊತ್ತು ಕೊಡದೆ ಹೊರಗಿನ ಒತ್ತಡ ತಾಮ್ರವನ್ನೇ ಒಳಕ್ಕೆ ತಳ್ಳಿತ್ತು.

ಥರ್ಮಾಮೀಟರ್‌ಗೂ ಇದೇ ಕಾಟ. ಒತ್ತಡ ಗಾಜಿನ ಬುರುಡೆಯನ್ನು ಹಿಂಡಿದರೆ ಪಾದರಸ ಮೇಲೇರಿ ಸುಳ್ಳು ಉಷ್ಣತೆ ತೋರಿಸುತ್ತದೆ. ಅದಕ್ಕೇ ಬುರುಡೆಯ ಸುತ್ತ ಇನ್ನೊಂದು ಗಾಜಿನ ಕವಚ ಇರುವ ಥರ್ಮಾಮೀಟರ್ ಬಳಸಿದರು. ಅದಕ್ಕೂ ಒಂದು ಮಿತಿ ಇತ್ತು. ಇಳಿದು ಏರುವ ದಾರಿಯಲ್ಲಿ ಸಿಕ್ಕ ಅತಿ ಕಡಿಮೆ ಮತ್ತು ಅತಿ ಹೆಚ್ಚು ಉಷ್ಣತೆಯನ್ನಷ್ಟೇ ಅದು ಹೇಳುತ್ತದೆ. ಕೆಳಗೆ ಹೋದಂತೆ ನೀರು ತಣ್ಣಗಾಗುತ್ತಾ ಹೋದರೆ ಸರಿ. ಆದರೆ ಅಂಟಾರ್ಕ್ಟಿಕದ ಹತ್ತಿರ ನಡುವಿನ ಪದರ ಅತಿ ತಣ್ಣಗಿದ್ದು ಅದರ ಕೆಳಗೆ ಕೊಂಚ ಬೆಚ್ಚಗಿನ ನೀರಿರುತ್ತದೆ. ಅಲ್ಲಿ ಈ ಥರ್ಮಾಮೀಟರ್ ಕೈಕೊಟ್ಟಿತು.

ಬಲೆ ಇಳಿಸಿ, ಎಳೆದು, ಮೇಲೆತ್ತಲು ಆಳದ ಕಡೆಗಳಲ್ಲಿ ಇಡೀ ದಿನ ಹಿಡಿಯುತ್ತಿತ್ತು. ಮೊದಮೊದಲು ಬಲೆ ಬಂತು ಅಂದರೆ ಅಡುಗೆಯವನಿಂದ ಹಿಡಿದು ಎಲ್ಲರೂ ನೋಡಲು ಮುಗಿಬೀಳುತ್ತಿದ್ದರು. ಎಷ್ಟು ದಿನ? ಮತ್ತದೇ ಬೂದುಬಣ್ಣದ ಕೆಸರು, ಮತ್ತದೇ ನಾಲ್ಕು ನಕ್ಷತ್ರಮೀನು. ಕ್ರಮೇಣ ಜರಡಿ ಹಿಡಿದು ಕೂತ ವಿಜ್ಞಾನಿಗಳು ಬಿಟ್ಟರೆ ಬೇರೆ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಹಡಗಿನಲ್ಲಿದ್ದ ರಾಬರ್ಟ್ ಅನ್ನುವ ಗಿಳಿಗೂ ಈ ಮಾತು ಬಾಯಿಪಾಠವಾಗಿಬಿಟ್ಟಿತ್ತು. ಎರಡು ಸಾವಿರ ಫ್ಯಾದಮ್ ಆದರೂ ತಳ ಸಿಗಲಿಲ್ಲವಲ್ಲ, ಡಾಕ್ಟರ್ ಕಾರ್ಪೆಂಟರ್ ಅಂತ ಅದು ಅರಚುತ್ತಿತ್ತಂತೆ. ಕಾರ್ಪೆಂಟರ್ ಹಡಗಿನಲ್ಲಿ ಇರಲೇ ಇಲ್ಲ ಅನ್ನುವುದು ಬೇರೆ ಮಾತು.

ನಾವಿಕರಿಗೆ ಇದು ತಮಾಷೆಯ ಕೆಲಸವಾಗಿರಲಿಲ್ಲ. 1873ರ ಮಾರ್ಚ್‌ನಲ್ಲಿ, ಯಾನ ಶುರುವಾಗಿ ಮೂರೇ ತಿಂಗಳಿಗೆ, ಬಲೆಯ ಹಗ್ಗದ ಎಳೆತಕ್ಕೆ ಒಂದು ರಾಟೆ ಕಿತ್ತುಬಂದು ಬಡಿದು ಒಬ್ಬ ಹುಡುಗ ನಾವಿಕ ಸತ್ತ. ಸುಮಾರು 60 ಜನ ಬಂದರುಗಳಲ್ಲಿ ಇಳಿದವರು ಹಡಗಿಗೆ ವಾಪಸು ಬರದೆ ಓಡಿಹೋದರು. ಕಾಯಿಲೆ, ಸಾವು, ವರ್ಗಾವಣೆ ಎಲ್ಲ ಕಳೆದು, ಹೊರಟವರಲ್ಲಿ 144 ಜನ ಮಾತ್ರ ಅದೇ ಹಡಗಿನಲ್ಲಿ ಊರಿಗೆ ಮರಳಿದರು. ಕ್ಯಾಪ್ಟನ್ ನೇರ್ಸ್‌ನನ್ನು ಕೂಡ ಆರ್ಕ್ಟಿಕ್ ಯಾನಕ್ಕೆ ಬೇಕು ಅಂತ ಹಾಂಗ್‌ಕಾಂಗ್‌ನಿಂದಲೇ ವಾಪಸು ಕರೆಸಿಕೊಂಡರು.

ಕೆಸರಿನ ಕಥೆ

ಚಾಲೆಂಜರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೊಸ ಜೀವಿಗಳ ಲೆಕ್ಕ ಕೊಡುತ್ತಾರೆ: ಸುಮಾರು 4,700 ಹೊಸ ಪ್ರಭೇದಗಳು. ದೊಡ್ಡ ಸಂಖ್ಯೆಯೇ. ಆದರೆ ನನ್ನ ಪ್ರಕಾರ ಈ ಯಾನದ ನಿಜವಾದ ಗಳಿಕೆ ಕೆಸರು. ಅದನ್ನು ಕೈಯಲ್ಲಿ ಹಿಡಿದು ಜಾನ್ ಮರ್ರೆ ಕೇಳಿದ ಪ್ರಶ್ನೆ ಸರಳವಾದದ್ದು: ಇದು ಎಲ್ಲಿಂದ ಬಂತು?

ಅಟ್ಲಾಂಟಿಕ್ ತಳದ ಬಹುಭಾಗದಲ್ಲಿ ಸಿಗುವುದು ಬಿಳಿಚಿಕೊಂಡ ಮೆತ್ತನೆಯ ಕೆಸರು. ಸೂಕ್ಷ್ಮದರ್ಶಕದಡಿ ಇಟ್ಟರೆ ಅದು ಕೆಸರೇ ಅಲ್ಲ. ಗ್ಲೋಬಿಜೆರಿನಾ ಅನ್ನುವ ಏಕಕೋಶ ಜೀವಿಯ ಸುಣ್ಣದ ಚಿಪ್ಪುಗಳ ರಾಶಿ. ಪುಟ್ಟ ಪುಟ್ಟ ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸಿದಂತೆ ಕಾಣುತ್ತವೆ. ಈ ಜೀವಿಗಳು ತಳದಲ್ಲೇ ಬದುಕಿ ಅಲ್ಲೇ ಸಾಯುತ್ತವೆ ಅಂತ ಥಾಮ್ಸನ್ ನಂಬಿದ್ದ. ಮರ್ರೆಗೆ ಅನುಮಾನ. ಅವನು ಮೇಲಿನ ನೀರಿನಲ್ಲಿ ತೆಳುಬಟ್ಟೆಯ ಬಲೆ ಕಟ್ಟಿ ಎಳೆಯುತ್ತಾ ಹೋದ. ಅದೇ ಜೀವಿ, ಕೂದಲಿನಂಥ ಮುಳ್ಳುಗಳ ಸಮೇತ ಜೀವಂತವಾಗಿ, ಮೇಲ್ಮೈಯಲ್ಲಿ ತೇಲುತ್ತಾ ಸಿಕ್ಕಿತು. ಯಾವ ಕಡೆ ಮೇಲೆ ಯಾವ ಜಾತಿ ಇದೆಯೋ ಕೆಳಗಿನ ಕೆಸರಿನಲ್ಲೂ ಅದೇ. ಅಂದರೆ ಅವು ಮೇಲೆ ಬದುಕಿ, ಸತ್ತು, ಚಿಪ್ಪುಗಳು ಕಿಲೋಮೀಟರುಗಟ್ಟಲೆ ಇಳಿದು ತಳ ಸೇರುತ್ತವೆ. ಥಾಮ್ಸನ್ ತನ್ನ ಅಭಿಪ್ರಾಯ ಬದಲಾಯಿಸಿಕೊಂಡ.

ಆಗ ಇನ್ನೊಂದು ಒಗಟು ಎದುರಾಯಿತು. ಆಳ ಸುಮಾರು 4,500 ಮೀಟರ್ ದಾಟಿದರೆ ಬಿಳಿ ಕೆಸರು ಮಾಯ. ಅಲ್ಲಿ ಕೆಂಪು ಬೆರೆತ ಚಾಕೊಲೇಟ್ ಬಣ್ಣದ ನುಣ್ಣನೆಯ ಜೇಡಿ. ಮೇಲೆ ನೋಡಿದರೆ ಅದೇ ಜೀವಿಗಳು ತೇಲುತ್ತಲೇ ಇವೆ. ಹಾಗಾದರೆ ಬಿದ್ದ ಚಿಪ್ಪು ಎಲ್ಲಿ ಹೋದವು? ಕರಗಿಹೋದವು. ಆಳದ ನೀರು ತಣ್ಣಗಿದೆ, ಒತ್ತಡ ಜಾಸ್ತಿ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ. ಇಂಥ ನೀರಿನಲ್ಲಿ ಸುಣ್ಣ ಉಳಿಯುವುದಿಲ್ಲ. ಒಂದು ಆಳ ದಾಟಿದ ಮೇಲೆ ಮೇಲಿಂದ ಬೀಳುವ ಸುಣ್ಣಕ್ಕಿಂತ ಕರಗುವುದೇ ಹೆಚ್ಚು. ಈ ಆಳದ ಗೆರೆ ಇವತ್ತಿಗೂ ಸಮುದ್ರ ವಿಜ್ಞಾನದ ಮೂಲ ಪಾಠಗಳಲ್ಲಿ ಒಂದು.

ಹಾಗಾದರೆ ಆ ಕೆಂಪು ಜೇಡಿ ಏನು? ಚಿಪ್ಪು ಕರಗಿದ ಮೇಲೆ ಉಳಿದ ಬೂದಿ ಅಂತ ಥಾಮ್ಸನ್ ಮೊದಲು ಊಹಿಸಿದ. ಮರ್ರೆ ಜ್ವಾಲಾಮುಖಿಗಳ ಬೂದಿ, ತೇಲುವ ಪ್ಯೂಮಿಸ್ ಕಲ್ಲಿನ ಪುಡಿ, ಗಾಳಿಯಲ್ಲಿ ಬಂದ ಧೂಳು ಅಂದ. ಗೆದ್ದದ್ದು ಹೆಚ್ಚಾಗಿ ಮರ್ರೆಯ ವಾದ. ಈ ಜೇಡಿ ಸಾವಿರ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಹೆಚ್ಚು. ಅಷ್ಟು ನಿಧಾನ ಅನ್ನುವುದಕ್ಕೆ ಸಾಕ್ಷಿ ಬಲೆಯಲ್ಲೇ ಇತ್ತು. ಪೆಸಿಫಿಕ್‌ನ ಕೆಂಪು ಜೇಡಿಯಲ್ಲಿ ಒಂದೇ ಎಳೆತಕ್ಕೆ ನೂರಾರು ಶಾರ್ಕ್ ಹಲ್ಲುಗಳು, ತಿಮಿಂಗಿಲದ ಕಿವಿಯ ಮೂಳೆಗಳು. ಯಾವತ್ತೋ ಅಳಿದುಹೋದ ದೈತ್ಯ ಶಾರ್ಕ್‌ಗಳ ಹಲ್ಲೂ ಅದರಲ್ಲಿದ್ದವು. ಲಕ್ಷಾಂತರ ವರ್ಷವಾದರೂ ಅವು ಹೂತುಹೋಗಿರಲಿಲ್ಲ.

ಮರ್ರೆ ಇದೇ ಜೇಡಿಯೊಳಗೆ ಅಯಸ್ಕಾಂತ ಆಡಿಸಿದ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ, ಕಪ್ಪು, ಗುಂಡಗಿನ ಕಣಗಳು ಅಂಟಿಕೊಂಡು ಬಂದವು. ಭೂಮಿಯ ಯಾವ ಕಲ್ಲಿಗೂ ಹೊಂದಲಿಲ್ಲ. ಆಕಾಶದಿಂದ ಬೀಳುವ ಉಲ್ಕೆಗಳು ಗಾಳಿಯಲ್ಲಿ ಕರಗಿ ಉದುರಿಸಿದ ಹನಿಗಳು ಇವು ಅಂತ 1876ರಲ್ಲಿ ಬರೆದ. ಅವನ ಮಾತು ಸರಿಯಾಗಿತ್ತು. ಈ ಧೂಳು ನಮ್ಮ ಮನೆ ಮಾಳಿಗೆಯ ಮೇಲೂ ಬೀಳುತ್ತದೆ. ಬೇರೆ ಕಸದ ನಡುವೆ ಕಾಣುವುದಿಲ್ಲ ಅಷ್ಟೇ. ಬೇರೇನೂ ಬೀಳದ ಜಾಗದಲ್ಲಿ ಅದು ಕಾಣಿಸಿಕೊಂಡಿತು.

ಕೆಸರಿನದೇ ಇನ್ನೊಂದು ಕಥೆ ಇದೆ, ಸ್ವಲ್ಪ ಮುಜುಗರದ್ದು. 1868ರಲ್ಲಿ ಹೆಸರಾಂತ ವಿಜ್ಞಾನಿ ಥಾಮಸ್ ಹಕ್ಸ್‌ಲಿ, ಹನ್ನೊಂದು ವರ್ಷದ ಹಿಂದೆ ಅಟ್ಲಾಂಟಿಕ್‌ನಿಂದ ತಂದು ಮದ್ಯಸಾರದಲ್ಲಿ ಇಟ್ಟಿದ್ದ ಕೆಸರನ್ನು ಪರೀಕ್ಷಿಸುವಾಗ ಅದರಲ್ಲಿ ಲೋಳೆಯಂಥ ವಸ್ತು ಕಂಡ. ಇದು ಜೀವಿ, ಜೀವಿಗಳಲ್ಲೇ ಅತಿ ಸರಳವಾದದ್ದು ಅಂತ ತಿಳಿದು 'ಬಾತಿಬಿಯಸ್ ಹೆಕೆಲಿ' ಅಂತ ಹೆಸರಿಟ್ಟ. ಇಡೀ ಕಡಲ ತಳವೇ ಈ ಜೀವಂತ ಲೋಳೆಯಿಂದ ಮುಚ್ಚಿರಬಹುದು ಅಂತ ದೊಡ್ಡವರೆಲ್ಲ ನಂಬಿದರು. ಚಾಲೆಂಜರ್‌ನಲ್ಲಿ ತಾಜಾ ಕೆಸರಿನಲ್ಲಿ ಎಷ್ಟು ಹುಡುಕಿದರೂ ಲೋಳೆ ಇಲ್ಲ. ಜಾಡಿಯಲ್ಲಿಟ್ಟ ಕೆಸರಲ್ಲಿ ಮಾತ್ರ ಇದೆ. ಬ್ಯುಕನನ್ ಬರೀ ಸಮುದ್ರದ ನೀರಿಗೆ ಮದ್ಯಸಾರ ಸುರಿದು ನೋಡಿದ. ಲೋಳೆ ಬಂತು! ನೀರಿನಲ್ಲಿದ್ದ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ಮದ್ಯಸಾರದಲ್ಲಿ ಕರಗಲಾರದೆ ಬೇರ್ಪಟ್ಟು ಹಾಗೆ ಕಾಣುತ್ತಿತ್ತು. ಸುದ್ದಿ ತಿಳಿದ ಹಕ್ಸ್‌ಲಿ 1875ರಲ್ಲಿ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡ.

ನಿರೀಕ್ಷೆ ಸುಳ್ಳಾದದ್ದು ಇದೊಂದೇ ಅಲ್ಲ. ಭೂಮಿಯ ಮೇಲೆ ಅಳಿದುಹೋದ ಪುರಾತನ ಪ್ರಾಣಿಗಳು ಆಳದಲ್ಲಿ ಇನ್ನೂ ಬದುಕಿರಬಹುದು, ಕಲ್ಲಿನಲ್ಲಿ ಪಳೆಯುಳಿಕೆಯಾಗಿ ಮಾತ್ರ ಸಿಗುವ ಟ್ರೈಲೋಬೈಟ್ ಕೂಡ ಸಿಗಬಹುದು ಅಂತ ಆಸೆ ಇಟ್ಟುಕೊಂಡಿದ್ದರು. ಒಂದೂ ಸಿಗಲಿಲ್ಲ. ಆಳದ ಜೀವಿಗಳು ಮೇಲಿನವರ ನೆಂಟರೇ ಆಗಿದ್ದವು.

ಕರಿ ಉಂಡೆಗಳು, ಆಳದ ಹಳ್ಳ

1873ರ ಫೆಬ್ರುವರಿ 18ರಂದು, ಕೆನರಿ ದ್ವೀಪಗಳ ನೈಋತ್ಯಕ್ಕೆ, ಬಲೆಯಲ್ಲಿ ಕೆಲವು ಕಪ್ಪು ಉಂಡೆಗಳು ಬಂದವು. ಪರೀಕ್ಷಿಸಿದ ಬ್ಯುಕನನ್ ಇದರಲ್ಲಿ ಹೆಚ್ಚಿನ ಪಾಲು ಮ್ಯಾಂಗನೀಸ್ ಅಂದ. ಮುಂದೆ ಪೆಸಿಫಿಕ್‌ನಲ್ಲಿ ಇವು ರಾಶಿ ರಾಶಿ ಸಿಕ್ಕವು. ಕತ್ತರಿಸಿದರೆ ಒಳಗೆ ಉಂಗುರದ ಮೇಲೆ ಉಂಗುರ, ಎಷ್ಟೋ ಸಲ ನಟ್ಟನಡುವೆ ಒಂದು ಶಾರ್ಕ್ ಹಲ್ಲು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಉಂಡೆಗಳಿವು. ಆಗ ಇದು ಬರೀ ಕುತೂಹಲದ ವಸ್ತು. ಈಗ ಇದರಲ್ಲಿರುವ ನಿಕ್ಕಲ್, ಕೋಬಾಲ್ಟ್, ತಾಮ್ರದ ಮೇಲೆ ಎಲ್ಲ ದೇಶಗಳ ಕಣ್ಣು. ನಮ್ಮ ದೇಶವೂ ಹೊರತಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1981ರಲ್ಲಿ ಗವೇಷಣಿ ಹಡಗಿನಿಂದ ಇಂಥ ಉಂಡೆ ಎತ್ತಿದರು. ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರ್ ಜಾಗದಲ್ಲಿ ಇವುಗಳ ಶೋಧನೆಯ ಹಕ್ಕು ಭಾರತದ್ದು. ತೆಗೆಯಬೇಕೋ ಬೇಡವೋ ಅನ್ನುವ ಜಗಳ ಜೋರಾಗಿದೆ. ಕೆದಕಿದರೆ ಏಳುವ ಕೆಸರಿನ ಮೋಡ ಎಷ್ಟು ದೂರ ಹೋಗುತ್ತದೆ, ಅಲ್ಲಿನ ಜೀವಿಗಳು ಏನಾಗುತ್ತವೆ ಅನ್ನುವುದು ತಕರಾರು. ಉಂಡೆ ಬೆಳೆಯುವ ವೇಗ ನೋಡಿದರೆ, ಒಮ್ಮೆ ತೆಗೆದದ್ದು ಮನುಷ್ಯರ ಲೆಕ್ಕದಲ್ಲಿ ಮತ್ತೆ ಬರುವುದಿಲ್ಲ ಅನ್ನುವುದಂತೂ ಖಚಿತ.

1875ರ ಮಾರ್ಚ್ 23ರಂದು, ಅಡ್ಮಿರಾಲ್ಟಿ ದ್ವೀಪಗಳಿಂದ ಜಪಾನ್ ಕಡೆಗೆ ಹೋಗುವಾಗ, ಗುವಾಮ್‌ನ ನೈಋತ್ಯದಲ್ಲಿ ಎಂದಿನಂತೆ ಹಗ್ಗ ಇಳಿಸಿದರು. ಇಳಿಯುತ್ತಲೇ ಹೋಯಿತು. 4,575 ಫ್ಯಾದಮ್ ತೋರಿಸಿತು. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಇಳಿಸಿದರು. 4,475 ಫ್ಯಾದಮ್, ಅಂದರೆ 8,184 ಮೀಟರ್. ಕೆಲವು ಥರ್ಮಾಮೀಟರ್‌ಗಳು ಒತ್ತಡಕ್ಕೆ ಒಡೆದುಹೋಗಿದ್ದವು. ಎವರೆಸ್ಟ್ ಅನ್ನು ಪೂರ್ತಿ ಮುಳುಗಿಸುವ ಹಳ್ಳದ ಅಂಚು ಅದು. 1951ರಲ್ಲಿ ಅದೇ ಹೆಸರಿನ ಇನ್ನೊಂದು ಬ್ರಿಟಿಷ್ ಹಡಗು ಶಬ್ದದ ಅಲೆ ಬಳಸಿ ಅದೇ ಹಳ್ಳದಲ್ಲಿ 10,800 ಮೀಟರ್‌ಗೂ ಹೆಚ್ಚು ಆಳ ಕಂಡಿತು. ಭೂಮಿಯ ಅತಿ ಆಳದ ಆ ಜಾಗಕ್ಕೆ ಈಗ ಚಾಲೆಂಜರ್ ಡೀಪ್ ಅಂತಲೇ ಹೆಸರು.

ಅಟ್ಲಾಂಟಿಕ್ ನಡುವಿನ ಉದ್ದನೆಯ ಬೆಟ್ಟಸಾಲಿನ ಸುಳಿವು ಸಿಕ್ಕ ರೀತಿ ಇನ್ನೂ ಚೆನ್ನಾಗಿದೆ. ಹಗ್ಗ ಇಳಿಸಿದ ಜಾಗಗಳ ನಡುವೆ ನೂರಾರು ಮೈಲಿ ಅಂತರ. ಅಷ್ಟರಲ್ಲಿ ಬೆಟ್ಟಸಾಲು ಸಿಗುವುದು ಕಷ್ಟ. ಆದರೆ ದಕ್ಷಿಣ ಅಟ್ಲಾಂಟಿಕ್‌ನ ಪಶ್ಚಿಮದಲ್ಲಿ ತಳದ ನೀರು ತುಂಬಾ ತಣ್ಣಗಿತ್ತು, ಪೂರ್ವದಲ್ಲಿ ಅಷ್ಟು ತಣ್ಣಗಿರಲಿಲ್ಲ. ಅಂಟಾರ್ಕ್ಟಿಕದಿಂದ ತಳದಲ್ಲಿ ತೆವಳಿಕೊಂಡು ಬರುವ ತಣ್ಣೀರನ್ನು ನಡುವೆ ಏನೋ ತಡೆಯುತ್ತಿದೆ ಅನ್ನುವುದು ಅದರಿಂದ ಗೊತ್ತಾಯಿತು. ಕಣ್ಣಿಗೆ ಕಾಣದ ಬೆಟ್ಟವನ್ನು ಥರ್ಮಾಮೀಟರ್ ಹಿಡಿದುಕೊಟ್ಟಿತು.

ಹಡಗು ಬಂದ ಮೇಲೆ

ಯಾನ ಮುಗಿದದ್ದು ಮೂರೂವರೆ ವರ್ಷಕ್ಕೆ. ವರದಿ ಮುಗಿದದ್ದು 1895ಕ್ಕೆ. 50 ಸಂಪುಟ, ಸುಮಾರು 29,500 ಪುಟ. ಮಾದರಿಗಳನ್ನು ಎಡಿನ್‌ಬರೋಗೆ ತಂದು ವಿಂಗಡಿಸಿ, ಯಾವ ಜೀವಿಗೆ ಯಾರು ಒಳ್ಳೆಯ ತಜ್ಞರೋ ಅವರಿಗೆ, ದೇಶ ನೋಡದೆ, ಕಳಿಸಿದರು. ಬ್ರಿಟನ್ನಿನ ದುಡ್ಡಲ್ಲಿ ತಂದದ್ದು ಜರ್ಮನ್ನರಿಗೆ, ಅಮೆರಿಕದವರಿಗೆ ಯಾಕೆ ಅಂತ ಲಂಡನ್ನಿನಲ್ಲಿ ಗದ್ದಲವಾಯಿತು. ಥಾಮ್ಸನ್ ಜಗ್ಗಲಿಲ್ಲ. ಜರ್ಮನಿಯ ಅರ್ನ್ಸ್ಟ್ ಹೆಕೆಲ್‌ಗೆ ಹೋದ ರೇಡಿಯೊಲೇರಿಯಾ ಅನ್ನುವ ಸೂಕ್ಷ್ಮಜೀವಿಗಳೊಂದರಲ್ಲೇ 3,500ಕ್ಕೂ ಹೆಚ್ಚು ಹೊಸ ಪ್ರಭೇದಗಳು ಸಿಕ್ಕವು. ಒಟ್ಟು ಲೆಕ್ಕದಲ್ಲಿ ಬಹುಪಾಲು ಕಣ್ಣಿಗೆ ಕಾಣದ ಇವೇ ಅನ್ನುವುದು ಗಮನಿಸಬೇಕಾದ ಮಾತು. ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ 77 ನೀರಿನ ಮಾದರಿಗಳನ್ನು ಪರೀಕ್ಷಿಸಿ 1884ರಲ್ಲಿ ಹೇಳಿದ್ದು: ಉಪ್ಪು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರಬಹುದು, ಆದರೆ ಆ ಉಪ್ಪಿನೊಳಗೆ ಮುಖ್ಯ ಲವಣಗಳ ಪ್ರಮಾಣ ಎಲ್ಲ ಸಾಗರಗಳಲ್ಲೂ ಹೆಚ್ಚುಕಡಿಮೆ ಒಂದೇ. ಇದರರ್ಥ, ಒಂದು ಲವಣ ಅಳೆದರೆ ಸಾಕು, ಉಳಿದದ್ದನ್ನು ಲೆಕ್ಕ ಹಾಕಬಹುದು.

ದುಡ್ಡಿಗಾಗಿ ಖಜಾನೆ ಅಧಿಕಾರಿಗಳೊಂದಿಗೆ ಗುದ್ದಾಡಿ ಆರೋಗ್ಯ ಕೆಡಿಸಿಕೊಂಡ ಥಾಮ್ಸನ್ 1882ರಲ್ಲಿ, 52ನೇ ವಯಸ್ಸಿಗೇ ತೀರಿಕೊಂಡ. ಉಳಿದದ್ದನ್ನು ಮುಗಿಸಿದವನು ಮರ್ರೆ. ಹಡಗನ್ನು 1921ರಲ್ಲಿ ಒಡೆದು ಗುಜರಿ ಮಾಡಿದರು.

ಆ ಒಂದೇ ರೀತಿಯ, ಬೇಸರ ಬರಿಸುವ ಅಳತೆಗಳ ಬೆಲೆ ಗೊತ್ತಾದದ್ದು ಈಚೆಗೆ. ಈಗ ಸಾಗರಗಳಲ್ಲಿ ಸುಮಾರು 4,000 ಆರ್ಗೊ ತೇಲುಯಂತ್ರಗಳು ತಾವೇ ಮುಳುಗಿ, ಎದ್ದು, ಉಷ್ಣತೆ ಕಳಿಸುತ್ತವೆ. ನಮ್ಮ ಕಡೆಯ ಯಂತ್ರಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್. 2012ರಲ್ಲಿ ವಿಜ್ಞಾನಿಗಳು ಚಾಲೆಂಜರ್ ಅಳೆದ ಜಾಗಗಳಲ್ಲೇ ಆರ್ಗೊ ಅಳತೆಯನ್ನು ಇಟ್ಟು ಹೋಲಿಸಿದರು. ಮೇಲ್ಮೈ ಸರಾಸರಿ 0.59 ಡಿಗ್ರಿ ಬೆಚ್ಚಗಾಗಿತ್ತು, 366 ಮೀಟರ್ ಆಳದಲ್ಲಿ 0.39 ಡಿಗ್ರಿ. 366 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಅದು 200 ಫ್ಯಾದಮ್. ಚಿಪ್ಪುಗಳೂ ಸಾಕ್ಷಿ ಹೇಳಿದವು. ಮರ್ರೆ ಕಾಲದ ಬಲೆಯಲ್ಲಿ ಸಿಕ್ಕಿದ್ದ ತೇಲುಜೀವಿಗಳ ಸುಣ್ಣದ ಚಿಪ್ಪನ್ನು ಈಗಿನವುಗಳ ಜೊತೆ ಇಟ್ಟು 2020ರಲ್ಲಿ ಸ್ಕ್ಯಾನ್ ಮಾಡಿದಾಗ, ಈಗಿನವು ಎಲ್ಲ ತೆಳುವಾಗಿದ್ದವು. ಒಂದು ಪ್ರಭೇದದಲ್ಲಂತೂ ಶೇಕಡ 76ರವರೆಗೆ.

ಇನ್ನು ಮೊದಲು ಹೇಳಿದ ಅರಬ್ಬಿ ಸಮುದ್ರದ ಕಥೆ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಒಂದು ಕಲ್ಲು ಮರ್ರೆಯ ಕೈಗೆ ಬಂದಿತ್ತು. ನೋಡಿದರೆ ಒಳ್ಳೆಯ ಫಾಸ್ಫೇಟ್, ಗೊಬ್ಬರಕ್ಕೆ ಬೇಕಾದದ್ದು. ಅವನ ಒತ್ತಾಯದ ಮೇಲೆ ಬ್ರಿಟನ್ 1888ರಲ್ಲಿ ಆ ದ್ವೀಪವನ್ನು ತನ್ನದು ಮಾಡಿಕೊಂಡಿತು. ಮರ್ರೆ ಗಣಿ ಕಂಪನಿ ಮಾಡಿ ಶ್ರೀಮಂತನಾದ. ಅಲ್ಲಿಂದ ಸರ್ಕಾರಕ್ಕೆ ಬಂದ ತೆರಿಗೆ, ರಾಜಧನ ಚಾಲೆಂಜರ್‌ಗೆ ಆದ ಖರ್ಚನ್ನೂ ಮೀರಿತು ಅಂತ ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. 1914ರಲ್ಲಿ ಕಾರು ಅಪಘಾತದಲ್ಲಿ ಸತ್ತಾಗ ಸಮುದ್ರ ಸಂಶೋಧನೆಗೆ ಅಂತ ದುಡ್ಡು ಬಿಟ್ಟುಹೋದ. ಆ ದುಡ್ಡಲ್ಲಿ 1933-34ರಲ್ಲಿ ಈಜಿಪ್ಟಿನ 'ಮಬಾಹಿಸ್' ಹಡಗು ಅರಬ್ಬಿ ಸಮುದ್ರಕ್ಕೆ ಬಂತು. ಮುಖ್ಯಸ್ಥ ಸೀಮೋರ್ ಸೆವೆಲ್, ಅಲ್ಲಿಯವರೆಗೆ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕನಾಗಿದ್ದವನು.

ಒಮಾನ್ ಕೊಲ್ಲಿ ಮತ್ತು ಅರೇಬಿಯಾದ ತೀರದಾಚೆ ಕೆಲವು ನೂರು ಮೀಟರ್ ಆಳದಲ್ಲಿ ಎಳೆದ ಬಲೆ ಹೆಚ್ಚುಕಡಿಮೆ ಖಾಲಿ ಬಂತು. ಹಸಿರು ಬಣ್ಣದ ಕೆಸರು, ಕೊಳೆತ ಮೊಟ್ಟೆಯ ವಾಸನೆ. ಇನ್ನೂ ಆಳಕ್ಕೆ ಹೋದರೆ ಮತ್ತೆ ಜೀವ. ಫೋರ್ಬ್ಸ್ ಬದುಕಿದ್ದರೆ ಖುಷಿಪಡುತ್ತಿದ್ದನೇನೋ, ಆದರೆ ಕಾರಣ ಅವನು ಹೇಳಿದ್ದಲ್ಲ. ಮುಂಗಾರು ಗಾಳಿ ಆಳದ ಪೋಷಕಾಂಶವನ್ನು ಮೇಲಕ್ಕೆ ತರುತ್ತದೆ. ಅದರಿಂದ ಈ ಸಮುದ್ರದಲ್ಲಿ ಸಸ್ಯಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ, ಬೆಳೆ ಹುಲುಸು. ಅವು ಸತ್ತು ಕೆಳಗಿಳಿದು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತವೆ. ಉತ್ತರಕ್ಕೆ ನೆಲ ಮುಚ್ಚಿಕೊಂಡಿರುವುದರಿಂದ ಆ ಪದರಕ್ಕೆ ಹೊಸ ನೀರು ಬರುವುದು ನಿಧಾನ. ತೀರಾ ತಳಕ್ಕೆ ಮಾತ್ರ ಅಂಟಾರ್ಕ್ಟಿಕದ ತಣ್ಣೀರು ಆಮ್ಲಜನಕ ಹೊತ್ತು ತರುತ್ತದೆ. ಚಾಲೆಂಜರ್‌ನ ಥರ್ಮಾಮೀಟರ್ ಅಟ್ಲಾಂಟಿಕ್‌ನಲ್ಲಿ ಹಿಡಿದದ್ದೂ ಇಂಥದೇ ನೀರನ್ನು. ಮಂಗಳೂರು, ಮಲ್ಪೆ, ಕಾರವಾರದ ಎದುರಿನ ಕಡಲಿನಲ್ಲೂ ಇದರ ಒಂದು ರೂಪ ವರ್ಷವರ್ಷ ಕಾಣುತ್ತದೆ. ಮಳೆಗಾಲದ ಕೊನೆಯ ಹೊತ್ತಿಗೆ ಆಮ್ಲಜನಕ ಕಡಿಮೆ ಇರುವ ತಣ್ಣನೆಯ ನೀರು ಆಳದಿಂದ ಏರಿ ತೀರದ ಕಡಿಮೆ ಆಳದ ಜಾಗಗಳವರೆಗೂ ಬರುತ್ತದೆ. ತಳದಲ್ಲಿರುವ ಮೀನು, ಸಿಗಡಿಗಳು ಅದು ಇಲ್ಲದ ಕಡೆಗೆ ಸರಿಯುತ್ತವೆ. ಗೋವಾದ ಸಂಸ್ಥೆಯವರು ಇದನ್ನು ಈಗಲೂ ಹಡಗಿನಿಂದ ನೀರಿನ ಬಾಟಲಿ ಇಳಿಸಿ ಅಳೆಯುತ್ತಾರೆ.